ಆಕರ ಪಟ್ಟಿಯ ಕೊನೆಯ ಸಾಲು

ಮೂರನೆಯ ಸಲವೂ ಪ್ರಬಂಧ ವಾಪಸು ಬಂದಿತ್ತು. ಒಳಗೆ ಬರೆದದ್ದರ ಬಗ್ಗೆ ಮೇಡಂ ಒಂದಕ್ಷರವನ್ನೂ ಹೇಳಿರಲಿಲ್ಲ. ಕೊನೆಯ ಪುಟದ ಆಕರ ಪಟ್ಟಿಯ ಮೇಲೆ ಮಾತ್ರ ಕೆಂಪು ಪೆನ್ನು ಮನಸೋ ಇಚ್ಛೆ ಓಡಾಡಿತ್ತು. ಇಲ್ಲಿ ಚುಕ್ಕಿ ಬೇಕು, ಅಲ್ಲಿ ಅಲ್ಪವಿರಾಮ ಬೇಡ, ಪುಸ್ತಕದ ಹೆಸರು ಓರೆ ಅಕ್ಷರದಲ್ಲಿರಲಿ, ಎರಡನೆಯ ಸಾಲು ಒಳಕ್ಕೆ ಸರಿಯಲಿ. ನರ್ಸಿಂಗ್ ಕಲಿಯಲು ಸೇರಿದವಳು ಚುಕ್ಕಿಗಳಿಗೆ ಶುಶ್ರೂಷೆ ಮಾಡುತ್ತ ಕೂರಬೇಕಾಯಿತಲ್ಲ ಎಂದು ಪಾಪುವಿಗೆ ತಲೆ ಚಿಟ್ಟು ಹಿಡಿದುಹೋಯಿತು. ವಯಸ್ಸು ಇಪ್ಪತ್ತಾದರೂ ಮನೆಯಲ್ಲಿ ಅವಳು ಪಾಪುವೇ.

ಅಡುಗೆಮನೆಯ ಮೇಜಿನ ಆಚೆ ಬದಿಯಲ್ಲಿ ಹುರುಳಿಕಾಯಿಯ ನಾರು ಬಿಡಿಸುತ್ತಿದ್ದ ದೊಡ್ಡಮ್ಮ ಕತ್ತು ಉದ್ದ ಮಾಡಿದರು. “ನನ್ನ ಹೆಸರು ಬಂತೇನೇ?”

“ಇಲ್ಲ ದೊಡ್ಡಮ್ಮ. ಎಷ್ಟು ಸಲ ಹೇಳ್ಲಿ? ಆಕರ ಬರೆಯೋಕೆ ಎಪಿಎ ಅಂತ ಒಂದು ಕ್ರಮ ಇದೆ. ಬಾಯಲ್ಲಿ ಹೇಳಿದ್ದು ಆ ಪಟ್ಟೀಲಿ ಬರಲ್ಲ. ಒಳಗೆ ಸಾಲಿನ ಮಧ್ಯೆ ಆವರಣದಲ್ಲಿ ಹಾಕಿದೀನಿ, ಅಷ್ಟೇ.”

“ಆವರಣದಲ್ಲಿ ಹಾಕಿದ್ರೆ ಯಾರು ನೋಡ್ತಾರೆ? ಪಕ್ಕದ ಮನೆಯವಳಿಗೆ ಆಗ್ಲೇ ಹೇಳಿಬಿಟ್ಟಿದೀನಿ, ದೊಡ್ಡ ದೊಡ್ಡ ಡಾಕ್ಟರುಗಳ ಜೊತೆ ನನ್ನ ಹೆಸರೂ ಇರುತ್ತೆ ಅಂತ.”

“ಓದಿದವರು ಹುಡುಕಿಕೊಂಡು ಹೋದ್ರೆ ಸಿಗಬೇಕಂತೆ. ಪುಸ್ತಕ ಆದ್ರೆ ಲೈಬ್ರರೀಲಿ ಸಿಗುತ್ತೆ.”

“ಓಹೋ! ನಾನೇನು ಕಳೆದುಹೋಗಿದೀನಾ? ಮನೆ ವಿಳಾಸ ಬರಿ. ಮಧ್ಯಾಹ್ನ ಊಟ ಆದ್ಮೇಲೆ ಒಂದು ಗಳಿಗೆ ಮಲಗಿರ್ತಾರೆ, ಆ ಹೊತ್ತು ಬಿಟ್ಟು ಬನ್ನಿ ಅಂತಾನೂ ಸೇರಿಸು.”

ದೊಡ್ಡಮ್ಮನ ಹಟದಲ್ಲಿ ನ್ಯಾಯವಿಲ್ಲದೆ ಇರಲಿಲ್ಲ. ಮರೆವು ಕವಿದ ಹಿರಿಯರನ್ನು ಮನೆಯಲ್ಲೇ ನೋಡಿಕೊಳ್ಳುವುದು ಹೇಗೆ ಎಂಬುದು ಪ್ರಬಂಧದ ವಿಷಯ. ಅದರ ಮೂರನೆಯ ಪುಟ ಪೂರ್ತಿ ಅವರದೇ. ಅವರ ಅತ್ತೆಗೆ ಕಡೆಗಾಲದಲ್ಲಿ ಹೊತ್ತು ಇಳಿಯುತ್ತಿದ್ದಂತೆ ಒಂದೇ ಜಪ, “ನನ್ನ ಮನೆಗೆ ಹೋಗ್ಬೇಕು.” ಇದೇ ನಿಮ್ಮ ಮನೆ ಎಂದು ಎಲ್ಲರೂ ಗಂಟಲು ಹರಿದುಕೊಂಡಷ್ಟೂ ಅವರ ಅಳು ಏರುತ್ತಿತ್ತು. ಕೊನೆಗೆ ಒಂದು ದಿನ ದೊಡ್ಡಮ್ಮ ವಾದ ಬಿಟ್ಟು ಚಪ್ಪಲಿ ಮೆಟ್ಟಿಕೊಂಡರು. ಅತ್ತೆಯ ಕೈ ಹಿಡಿದು, ಅದೂ ಇದೂ ಮಾತಾಡುತ್ತ ಬೀದಿ ಸುತ್ತಿ ಅದೇ ಬಾಗಿಲಿಗೆ ಬಂದು, “ಬಂತು ನೋಡಿ ನಿಮ್ಮನೆ” ಎಂದರು. ಅತ್ತೆ ನಗುತ್ತ ಒಳಗೆ ಹೋದರು. ಆಮೇಲೆ ಅವರಿದ್ದಷ್ಟು ದಿನವೂ ಸಂಜೆಯಾದರೆ ಅದೇ ಪಯಣ.

ಪಾಪುವಿಗೆ ರೇಗಿಹೋಗಿತ್ತು. ಮೇಡಂ ಮೇಲೋ, ದೊಡ್ಡಮ್ಮನ ಮೇಲೋ, ಚುಕ್ಕಿಗಳ ಮೇಲೋ ಅವಳಿಗೇ ತಿಳಿಯಲಿಲ್ಲ. ಪಟ್ಟಿಯ ಕೊನೆಯಲ್ಲಿ ದೊಡ್ಡಮ್ಮನ ಹೆಸರು, ಆವರಣದಲ್ಲಿ ಇಸವಿ, ಮನೆಯ ವಿಳಾಸ, ಮಲಗುವ ಹೊತ್ತು ಎಲ್ಲವನ್ನೂ ಒತ್ತಿ ಒತ್ತಿ ಟೈಪಿಸಿದಳು. ಚುಕ್ಕಿ ಬೇಕಾದಲ್ಲಿ ಚುಕ್ಕಿ ಇತ್ತು. ಎರಡನೆಯ ಸಾಲು ಶಿಸ್ತಾಗಿ ಒಳಕ್ಕೆ ಸರಿದಿತ್ತು.

ಕಾಲೇಜಿನಲ್ಲಿ ಮೇಡಂ ಪೆನ್ನಿನ ತುದಿಯಿಂದ ಒಂದೊಂದೇ ಸಾಲು ದಾಟುತ್ತ ಬಂದು ಕೊನೆಯದಕ್ಕೆ ನಿಂತರು.

“ಇದೇನಿದು? ಇವರು ಯಾವಾಗ ಮಲಗ್ತಾರೆ ಅನ್ನೋದೂ ಆಕರವಾ?”

“ಹುಡುಕಿದ್ರೆ ಸಿಗಬೇಕು ಅಂದಿದ್ರಲ್ಲ, ಮೇಡಂ. ಸಿಗ್ತಾರೆ.”

“ತಮಾಷೆ ಮಾಡ್ತಿದೀರಾ?” ಕೆಂಪು ಗೆರೆ ಆ ಸಾಲಿನ ಉದ್ದಕ್ಕೂ ಹರಿಯಿತು. “ಇದನ್ನ ತೆಗೆದು ಇನ್ನೊಂದು ಪ್ರಿಂಟ್ ತನ್ನಿ. ಇವತ್ತೇ ಕೊಡದಿದ್ರೆ ಪರೀಕ್ಷೆಗೆ ಕೂರಕ್ಕಾಗಲ್ಲ, ಗೊತ್ತಲ್ಲ?” ಮೇಜಿನ ಮೇಲಿನ ಫೋನು ಗುಂಯ್‌ಗುಟ್ಟಿತು. ಅದನ್ನು ಬೋರಲು ಹಾಕಿ, ಹಾಳೆಗಳನ್ನು ಹಿಂದಕ್ಕೆ ಮಗುಚಿದರು. “ಈ ಮೂರನೇ ಪುಟದಲ್ಲಿ... ಬೀದಿ ಸುತ್ತಿಸೋದು...”

“ಅಲ್ಲಿ ಆವರಣ ಸರಿಯಾಗಿದೆ, ಮೇಡಂ!” ಪಾಪುವಿನ ಸ್ವರ ಅಳುವಿಗೆ ಬಂದಿತ್ತು. “ಚುಕ್ಕಿಯೂ ಇದೆ.”

ಮೇಡಂ ಗೆರೆ ಎಳೆದ ಹಾಳೆಯನ್ನು ಮೇಜಿನ ಮೇಲೇ ಬಿಟ್ಟು, ಉಳಿದವನ್ನು ಅವಳ ಕಡೆ ತಳ್ಳಿದರು.

ಪ್ರಿಂಟಿನ ಅಂಗಡಿಯಲ್ಲಿ ಕರೆಂಟು ಕೈಕೊಟ್ಟು, ಇನ್ನೊಂದು ಅಂಗಡಿ ಹುಡುಕಿ ಏದುಸಿರು ಬಿಡುತ್ತ ಪಾಪು ವಾಪಸಾಗುವ ಹೊತ್ತಿಗೆ ಕಾಲೇಜಿನ ಕೋಣೆಗಳಿಗೆ ಬೀಗ ಬಿದ್ದಿತ್ತು. ಒಂದರಲ್ಲಿ ಮಾತ್ರ ದೀಪ ಉರಿಯುತ್ತಿತ್ತು. ಚೀಲ ಹೆಗಲಿಗೇರಿಸಿಕೊಂಡು ಕಾಯುತ್ತ ನಿಂತಿದ್ದ ಮೇಡಂ ಪ್ರಬಂಧ ತೆಗೆದುಕೊಂಡು, “ಸರಿ, ಮನೆಗೆ ಹೋಗಿ ಊಟ ಮಾಡಿ” ಎಂದಷ್ಟೇ ಹೇಳಿ ದಡಬಡ ಮೆಟ್ಟಿಲಿಳಿದರು. ಗೆರೆ ಎಳೆದ ಹಾಳೆ ಅವರ ಮೇಜಿನ ಮೇಲಿರಲಿಲ್ಲ. ಕಸದ ಬುಟ್ಟಿ ಸೇರಿರಬೇಕೆಂದುಕೊಂಡಳು ಪಾಪು.

“ಸರಿ ಬಿಡಮ್ಮ. ನಾನು ಹುಡುಕಿದ್ರೂ ಸಿಗದವಳು ಅಂತಾಯ್ತು,” ಎಂದು ರಾತ್ರಿ ಸುದ್ದಿ ಕೇಳಿದ ದೊಡ್ಡಮ್ಮ ಮುಖ ಊದಿಸಿಕೊಂಡರು. ಆ ಊತ ಮರುದಿನವೂ ಇಳಿಯಲಿಲ್ಲ.

ಮರುದಿನ ಸಂಜೆ ಕರೆಗಂಟೆ ಸದ್ದು ಮಾಡಿತು. ಪಾಪು ಬಾಗಿಲು ತೆಗೆದರೆ ಹೊರಗೆ ಮೇಡಂ! ಕೈಯಲ್ಲಿ ನಾಲ್ಕು ಮಡಿಕೆಯ ಒಂದು ಹಾಳೆ. ಕೆಂಪು ಗೆರೆಯ ಕೆಳಗೆ ಮನೆಯ ವಿಳಾಸ ಸ್ಪಷ್ಟವಾಗಿಯೇ ಕಾಣುತ್ತಿತ್ತು. ಅವರ ಹಿಂದೆ ಬಟ್ಟೆಯ ಚೀಲವೊಂದನ್ನು ಎದೆಗವಚಿಕೊಂಡ ವೃದ್ಧರು.

“ನಮ್ಮ ತಂದೆ,” ಎಂದರು ಮೇಡಂ. ಕಾಲೇಜಿನ ಆ ಗಡಸು ಸ್ವರ ಎಲ್ಲೋ ಹೋಗಿತ್ತು. “ಎಷ್ಟು ಹೇಳಿದ್ರೂ... ನಿಮ್ಮ ದೊಡ್ಡಮ್ಮ ಇದಾರಾ? ಮಲಗೋ ಹೊತ್ತಲ್ಲ ತಾನೆ?”

ವೃದ್ಧರು ಮನೆಯನ್ನು ಮೇಲಿಂದ ಕೆಳಗೆ ನೋಡಿ ತಲೆಯಾಡಿಸಿದರು. “ಇದೂ ನಮ್ಮನೆ ಅಲ್ಲ.”

ಒಳಗಿನಿಂದ ಬಂದ ದೊಡ್ಡಮ್ಮ ಮೇಡಂ ಕಡೆಗಾಗಲಿ ಆ ಹಾಳೆಯ ಕಡೆಗಾಗಲಿ ನೋಡಲೇ ಇಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಚಪ್ಪಲಿ ಮೆಟ್ಟಿದರು.

“ಅಲ್ಲ ಅಣ್ಣ, ಇದು ನಮ್ಮದು. ನಿಮ್ಮನೆ ಇನ್ನೂ ಸ್ವಲ್ಪ ಮುಂದೆ. ಆ ಚೀಲ ಇತ್ತ ಕೊಡಿ. ಬನ್ನಿ, ಹೋಗೋಣ.”