ವಲಯ ಕಚೇರಿಯ ಮನುಷ್ಯ

ಆ ಮನುಷ್ಯ ಕ್ಲಿನಿಕ್ಕಿನ ಮುಂದೆ ಎರಡು ಸಲ ಹಾದುಹೋದ. ಮೂರನೆಯ ಸಲ ಬೋರ್ಡಿನ ಎದುರು ನಿಂತು, ಒಳಗೆ ಹೋಗುವವರನ್ನೂ ಹೊರಗೆ ಬರುವವರನ್ನೂ ನೋಡತೊಡಗಿದ.

"ಲೆಕ್ಕ ಹಾಕ್ತಾ ಇದ್ದಾನೆ," ಎಂದಳು ಕಿಟಕಿಯ ಹಿಂದೆ ನಿಂತ ಫ್ಲೊರೆನ್ಸ್. "ಒಳಗೆ ಬಂದು ಕೇಳ್ಲಿಕ್ಕೆ ಎಂತ ದಾಡಿ ಇವನಿಗೆ?"

ಕೌಂಟರಿನ ಸುಗಂಧಿ ಕತ್ತು ಉದ್ದ ಮಾಡಿದಳು. "ಐಡಿ ಕಾರ್ಡ್ ಉಲ್ಟಾ ತಿರುಗಿಸಿ ಹಾಕ್ಕೊಂಡಿದ್ದಾರೆ ಅಕ್ಕಾ. ಹೆಸರು ಕಾಣಬಾರದು ಅಂತ."

"ಮತ್ತೆ? ಗುಟ್ಟಾಗಿ ಬಂದು ತಪ್ಪು ಹಿಡೀಬೇಕಲ್ಲ."

ಬ್ರಿಕ್‌ಫೀಲ್ಡ್ಸ್‌ನ ಸೀರೆ ಅಂಗಡಿಯೊಂದರ ಪಕ್ಕದ ಆ ಸರಕಾರಿ ಮಾನಸಿಕ ಆರೋಗ್ಯ ಕ್ಲಿನಿಕ್ಕಿನಲ್ಲಿ ಫ್ಲೊರೆನ್ಸ್ ಹತ್ತೊಂಬತ್ತು ವರ್ಷಗಳಿಂದ ಆಪ್ತಸಮಾಲೋಚಕಿ. ಈಗ ಸುತ್ತಲಿನ ಏಳು ಕ್ಲಿನಿಕ್ಕುಗಳನ್ನು ಸೇರಿಸಿ ಒಂದೇ ವಲಯ ವ್ಯವಸ್ಥೆ ಮಾಡಲಾಗುತ್ತಿತ್ತು. ಇನ್ನು ಮುಂದೆ ಮನಸ್ಸು ಕೆಟ್ಟವರು ಆಗಲೇ ಶುರುವಾಗಿದ್ದ ಒಂದು ನಂಬರಿಗೆ ಫೋನು ಮಾಡಬೇಕು, ಭಾಷೆಗೊಂದು ಗುಂಡಿ, ದುಃಖಕ್ಕೊಂದು ಗುಂಡಿ ಒತ್ತಬೇಕು, ಸಂಗೀತ ಕೇಳಬೇಕು. ಕಂಪ್ಯೂಟರು ಮನೆಯ ವಿಳಾಸ ನೋಡಿ ಯಾವುದಾದರೊಂದು ಕ್ಲಿನಿಕ್ಕಿಗೆ ಅಟ್ಟುತ್ತದೆ. ಏಳು ಮನೆಯ ಅಡುಗೆಯನ್ನು ಒಂದೇ ಕೊಪ್ಪರಿಗೆಗೆ ಸುರಿದರೆ ಹಬ್ಬದೂಟವಾಗುವುದಿಲ್ಲ ಎಂದು ಫ್ಲೊರೆನ್ಸ್ ಮೂರು ಪತ್ರ ಬರೆದಿದ್ದಳು. ಮೂರಕ್ಕೂ ಒಂದೇ ಉತ್ತರ ಬಂದಿತ್ತು: ನಿಮ್ಮ ಅನಿಸಿಕೆಗೆ ಧನ್ಯವಾದಗಳು.

ನಾಲ್ಕನೆಯದಾಗಿ ಬಂದದ್ದು ಧನ್ಯವಾದವಲ್ಲ, ದಿನಾಂಕ. ಪೆಟಾಲಿಂಗ್ ಜಯಾದ, ಎಂದರೆ ಪಿ.ಜೆ.ಯ, ವಲಯ ಕಚೇರಿಯಿಂದ ಅಧಿಕಾರಿಯೊಬ್ಬರು ಮಂಗಳವಾರ ಹತ್ತಕ್ಕೆ ಬಂದು, ಈ ಕ್ಲಿನಿಕ್ ಉಳಿಯಬೇಕೋ ಮುಚ್ಚಬೇಕೋ ನಿರ್ಧರಿಸುತ್ತಾರೆ. ಇವತ್ತು ಮಂಗಳವಾರ. ಹತ್ತೂ ಕಾಲು.

ಅವನು ಒಳಗೆ ಬಂದ. ಕೌಂಟರಿನತ್ತ ಸುಳಿಯದೆ ಹಿಂದಿನ ಸಾಲಿನ ಕೊನೆಯ ಕುರ್ಚಿಯಲ್ಲಿ, ಲ್ಯಾಪ್‌ಟಾಪ್ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ.

"ಪಿ.ಜೆ.ಯಿಂದ ಬಂದ್ರಾ ಸರ್?" ಸುಗಂಧಿ ಇಂಗ್ಲಿಷಿನಲ್ಲಿ ಕೇಳಿದಳು.

ಅವನು ಬೆಚ್ಚಿದ. "ಹೌದು. ನಿಮಗೆ ಹೇಗೆ ಗೊತ್ತು?"

ಸುಗಂಧಿ ಒಳಗೆ ಓಡಿದಳು. "ಅವರೇ ಅಕ್ಕಾ! ಪಕ್ಕದ ಮಾಮಕ್ ಹೋಟೆಲಿಂದ ಟೀ ತಪಾವ್ ಮಾಡಿಸಿ ತರ್ಲಾ?"

"ವಿಷ ಸಿಗ್ತದಾ ಕೇಳು," ಎಂದು ಹೇಳಿ ಫ್ಲೊರೆನ್ಸ್ ಹೊರಬಂದಳು.

ಅವಳ ಮಾತು ಕಿವಿಗೆ ಬಿದ್ದು ಅವನು ಎದ್ದು ನಿಂತ. ಕನ್ನಡದಲ್ಲೇ, "ನೀವೇ ಅಲ್ವಾ ಫ್ಲೊರೆನ್ಸ್ ಮೇಡಂ? ಕನ್ನಡದವರೊಬ್ಬರು ಇಲ್ಲಿದ್ದಾರೆ ಅಂತ ಕೇಳಿದ್ದೆ. ನಾನು ತ್ರಿವಿಕ್ರಮ. ಮೈಸೂರಿನವನು," ಎಂದ.

ವಲಯದವರು ಕನ್ನಡದವನನ್ನೇ ಹುಡುಕಿ ಕಳಿಸಿದ್ದಾರೆ! ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವ ಉಪಾಯ. ಫ್ಲೊರೆನ್ಸ್ ಹಲ್ಲು ಕಚ್ಚಿದಳು.

"ಎಲ್ಲ ಓದಿಕೊಂಡೇ ಬಂದಿದ್ದೀರಿ. ಸಂತೋಷ. ಎಂತ ಕೇಳ್ಬೇಕೋ ಕೇಳಿ."

ಅವನು ಸುತ್ತ ನೋಡಿದ. ದನಿ ತಗ್ಗಿಸಿದ. "ಮಾತಾಡೋ ಕೋಣೆಯ ಬಾಗಿಲು ಪೂರ್ತಿ ಮುಚ್ಚುತ್ತಾ?"

"ಮುಚ್ತದೆ. ಚಿಲಕ ಇಲ್ಲ. ಚಿಲಕಕ್ಕೆ ನಿಮ್ಮ ಹಿಂದಿನವರಿಗೆ ಅರ್ಜಿ ಹಾಕಿ ಎರಡು ವರ್ಷ ಆಯ್ತು."

"ಒಬ್ಬರಿಗೆ ಎಷ್ಟು ಹೊತ್ತು ಕೊಡ್ತೀರಿ?"

"ನಿಮ್ಮ ಪುಸ್ತಕದಲ್ಲಿ ಇಪ್ಪತ್ತು ನಿಮಿಷ. ನನ್ನಲ್ಲಿ ಅವರು ಹೇಳಿ ಮುಗಿಸುವವರೆಗೆ. ಬರ್ಕೊಳ್ಳಿ."

ಅವನು ಬರೆದುಕೊಳ್ಳಲಿಲ್ಲ. ಬರೆದುಕೊಳ್ಳದ ಅಧಿಕಾರಿ ಇನ್ನೂ ಅಪಾಯ ಎಂದು ಫ್ಲೊರೆನ್ಸ್‌ಗೆ ಗೊತ್ತಿತ್ತು. ಅಂಥವರು ತೀರ್ಪನ್ನು ಮನೆಯಿಂದಲೇ ಬರೆದು ತಂದಿರುತ್ತಾರೆ.

"ಬಂದವರ ಹೆಸರು ಬೇರೆ ಯಾರಿಗಾದರೂ ಹೋಗುತ್ತಾ? ಅವರು ಕೆಲಸ ಮಾಡೋ ಕಂಪನಿಗೆ, ವೀಸಾದವರಿಗೆ?"

"ನನ್ನ ಕಪಾಟಿನಿಂದ ಇವತ್ತಿನವರೆಗೆ ಒಂದು ಚೀಟಿ ಹೊರಗೆ ಹೋಗಿಲ್ಲ. ನಿಮ್ಮ ಕಂಪ್ಯೂಟರಿಗೆ ಹೋದ ಮೇಲೆ ದೇವರೇ ಗತಿ." ಅವಳ ಮುಖ ಕೆಂಪಾಗಿತ್ತು. "ಒಂದು ಮಾತು ಹೇಳ್ತೇನೆ ಸರ್. ಹತ್ತೊಂಬತ್ತು ವರ್ಷ ಆಯ್ತು. ಹೊಸ್ತಿಲು ದಾಟುವವರ ಮುಖ ನೋಡಿದ್ರೆ ಸಾಕು, ಯಾರು ಎಂತಕ್ಕೆ ಬಂದಿದ್ದಾರೆ ಅಂತ ನನಗೆ ತಿಳೀತದೆ. ನಿಮ್ಮ ಗುಂಡಿ ಒತ್ತುವ ಮೆಷೀನಿಗೆ ತಿಳೀತದಾ?"

"ಇಲ್ಲ," ಎಂದ ಅವನು ಮೆಲ್ಲಗೆ. "ಆ ನಂಬರಿಗೆ ನಾನೇ ಒಂಬತ್ತು ಸಲ ಮಾಡಿ ನೋಡಿದೆ. ಕೊನೆಗೆ ಸಂಗೀತವೇ ಬರುತ್ತೆ."

ತಾವೇ ಮಾಡಿಟ್ಟ ಹೊಂಡವನ್ನು ತಾವೇ ಅಳೆದು ನೋಡಿದ್ದಾರೆ. ಈ ಪ್ರಾಮಾಣಿಕತೆ ಅವಳನ್ನು ಇನ್ನಷ್ಟು ರೇಗಿಸಿತು.

"ಕೊನೇದೊಂದು. ಮುಂದಿನ ತಿಂಗಳೂ ನೀವು ಇಲ್ಲೇ ಇರ್ತೀರಾ ಮೇಡಂ?"

ಫ್ಲೊರೆನ್ಸ್ ಸಿಡಿದಳು. "ಅದನ್ನ ನನ್ನ ಹತ್ರ ಕೇಳ್ತೀರಾ ಮಾರಾಯ್ರೆ! ಕತ್ತಿ ನಿಮ್ಮ ಕೈಯಲ್ಲಿ, ಕುತ್ತಿಗೆ ನನ್ನದು. ಇಲ್ಲಿ ಬರುವವರಿಗೆ ಮಾತಾಡ್ಲಿಕ್ಕೆ ಬೇರೆ ಜಾಗ ಇಲ್ಲ. ಅವರನ್ನ ಎಲ್ಲಿಗೆ ಅಟ್ತೀರಿ? ಅಷ್ಟು ದೂರ ಕ್ಲಾಂಗಿಗಾ? ಹೋಗಿ, ಮುಚ್ಚಿ ಅಂತ ಬರೀರಿ. ನನ್ನ ಸಮಯ ಹಾಳು ಮಾಡ್ಬೇಡಿ. ನಿಜವಾಗಿ ಕಷ್ಟದಲ್ಲಿರುವವರು ಕಾಯ್ತಾ ಇದ್ದಾರೆ."

ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. ಅವನ ಕಿವಿಗಳು ಕೆಂಪಾದವು. "ಕ್ಷಮಿಸಿ," ಎಂದ. ಚೀಲವನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿನ ಕಡೆ ನಡೆದ.

ಅಷ್ಟರಲ್ಲಿ ಬಾಗಿಲು ಹೊರಗಿನಿಂದಲೇ ತೆರೆಯಿತು. ನೀಲಿ ತುಡುಂಗ್ ತಲೆಗೆ ಸುತ್ತಿದ್ದ ಹೆಂಗಸೊಬ್ಬಳು ಏದುಸಿರು ಬಿಡುತ್ತ ಒಳಬಂದಳು. ಕಂಕುಳಲ್ಲಿ ದಪ್ಪ ಫೈಲು. ಎದೆಯ ಮೇಲೆ ಸರಿಯಾಗಿ ಕಾಣುವಂತೆ ಕಾರ್ಡು.

"ಸಾರಿ ಲಾ, ಟ್ರೈನು ತಡ ಆಯಿತು," ಎಂದಳು ಇಂಗ್ಲಿಷಿನಲ್ಲಿ. "ವಲಯ ಕಚೇರಿಯಿಂದ ಬಂದಿದ್ದೇನೆ. ಪರಿಶೀಲನೆಗೆ."

ಫ್ಲೊರೆನ್ಸ್ ಅವಳನ್ನು ನೋಡಿದಳು. ಬಾಗಿಲ ಬಳಿ ನಿಂತವನನ್ನು ನೋಡಿದಳು. "ಹಾಗಾದರೆ ನೀವು?" ಎಂದಳು.

"ಕಣ್ಣು ಮುಚ್ಚಿ ನಿದ್ದೆ ಮಾಡಿ ಇಪ್ಪತ್ತಾರು ದಿನ ಆಯ್ತು ಮೇಡಂ," ಎಂದ ತ್ರಿವಿಕ್ರಮ. "ಎಲ್ಲಿಂದ ಶುರು ಮಾಡ್ಬೇಕು ಅಂತ ಗೊತ್ತಾಗಲಿಲ್ಲ."