ಐದು ಶಬ್ದ

"ಐದು ಶಬ್ದ ಹೇಳ್ತೀನಿ ಅರ್ಫಾತ್, ಕೊನೆಗೆ ಮತ್ತೆ ಕೇಳ್ತೀನಿ. ಬೀಗ, ನಿಂಬೆಹಣ್ಣು, ಕತ್ತರಿ, ಬಾಚಣಿಗೆ, ಛತ್ರಿ."

ಹಿಟ್ಟಿನ ಡಬ್ಬಿಗೆ ಆನಿಸಿಟ್ಟ ಮೊಬೈಲಿನೊಳಗಿಂದ ಬೆಂಗಳೂರಿನ ಫುಟ್‌ಬಾಲ್ ಕ್ಲಬ್ಬಿನ ಡಾಕ್ಟರಮ್ಮ ಹೇಳಿದರು. ಅಫಜಲಪುರದ ಮನೆಯ ಪಡಸಾಲೆಯಲ್ಲಿ ಅರ್ಫಾತ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನೆಟ್ಟಗೆ ಕುಳಿತಿದ್ದ. ಮೊಬೈಲಿನ ಹಿಂದೆ, ಡಾಕ್ಟರಮ್ಮನಿಗೆ ಕಾಣದ ಕಡೆ, ಅವನ ಹೆಂಡತಿ ತಬಸ್ಸುಮ ನಿಂತಿದ್ದಳು. ಐದೂ ಶಬ್ದ ಕಿವಿಗೆ ಬಿದ್ದದ್ದೇ ತಡ, ಸದ್ದಾಗದಂತೆ ಅಡುಗೆಮನೆಗೆ ಓಡಿದಳು.

ಇದು ಬೆಳಿಗ್ಗೆಯೇ ಗಂಡ ಹೆಂಡತಿ ಮಾಡಿಕೊಂಡ ಒಪ್ಪಂದ. "ಬಾಯಿಲೆ ಹೇಳಿದ್ರ ಡಾಕ್ಟರಮ್ಮಗ ಕೇಳಸ್ತದ. ಚೀಟಿ ಬರದ್ರ ನನ್ನ ಕಣ್ಣಾಗ ಅಕ್ಷರ ಕುಣಿತಾವ. ಸಾಮಾನೇ ತಂದು ತೋರ್ಸು," ಎಂದಿದ್ದ ಅರ್ಫಾತ. ಹದಿನಾಲ್ಕು ವರ್ಷ ಡಿಫೆಂಡರ್ ಆಗಿ ಆಡಿದವನು. ಗೋಲಿನತ್ತ ಹಾರಿಬಂದ ಚೆಂಡು ಮೊದಲು ಇವನ ಹಣೆಗೆ ಬಡಿಯಬೇಕು, ಆಮೇಲೆ ಬೇರೆ ಮಾತು. ತಲೆ ಗಟ್ಟಿಯಿದೆಯೆಂದು ಬಂಡೆಗೆ ಹಾಯಬಾರದು ಅನ್ನುವ ಗಾದೆಯನ್ನು ಇವನಿಗೆ ಹೇಳುವವರು ಯಾರು? ಇಪ್ಪತ್ತು ದಿನದ ಹಿಂದೆ ಎದುರಾಳಿಯ ತಲೆಗೆ ತಲೆ ಬಡಿದು ಮೈದಾನದಲ್ಲೇ ಎಚ್ಚರ ತಪ್ಪಿದ್ದ. ಈ ಪರೀಕ್ಷೆ ಪಾಸಾದರೆ ಸೋಮವಾರದಿಂದ ಮತ್ತೆ ಆಟ. ಇಲ್ಲದಿದ್ದರೆ ಮೂವತ್ತಮೂರಕ್ಕೇ ಎಲ್ಲ ಮುಗಿಯಿತು.

"ಆಟ ಬಿಟ್ರ ನಾ ಯಾರು, ಹೇಳು?" ಎಂದು ಅವನು ಕೇಳಿದಾಗ ತಬಸ್ಸುಮಳಿಗೆ ಒಲ್ಲೆ ಅನ್ನಲು ಬಾಯಿ ಬರಲಿಲ್ಲ.

"ನೂರರಿಂದ ಏಳೇಳು ಕಳೀತಾ ಹೋಗಿ," ಎಂದರು ಡಾಕ್ಟರಮ್ಮ. ಅವನು ಬೆವರುತ್ತ ಎಣಿಸುವಷ್ಟರಲ್ಲಿ ತಬಸ್ಸುಮ ಬಾಗಿಲಿನ ಬೀಗ, ಬುಟ್ಟಿಯ ನಿಂಬೆಹಣ್ಣು, ಹೊಲಿಗೆ ಯಂತ್ರದ ಮೇಲಿನ ಕತ್ತರಿ, ಕನ್ನಡಿಯ ಬಳಿಯ ಬಾಚಣಿಗೆ ಎಲ್ಲವನ್ನೂ ತಂದು ಮೊಬೈಲಿನ ಹಿಂದಿದ್ದ ಟ್ರಂಕಿನ ಮೇಲೆ ಜೋಡಿಸಿದಳು. ಛತ್ರಿ ಮಾತ್ರ ಇರಲಿಲ್ಲ. ಈ ಮನೆಯವರು ಎಂಥ ಬಿಸಿಲಿಗೂ ತಲೆಗೆ ಟವೆಲ್ಲು ಸುತ್ತಿಯೇ ದಿನ ತೆಗೆದವರು.

"ಏ ಸುನೋ, ನೀರು," ಎಂದ ಅರ್ಫಾತ. ಅಷ್ಟು ಗಡಿಬಿಡಿಯಲ್ಲೂ ತಬಸ್ಸುಮಳಿಗೆ ನಗು ಬಂತು. ಮೊದಲೆಲ್ಲ ಫೋನಿನಲ್ಲಿ ಹೆಸರು ಹಿಡಿದೇ ಕರೆಯುತ್ತಿದ್ದ. ಈ ಸಲ ಊರಿಗೆ ಬಂದಾಗಿನಿಂದ ಹೆಸರಿಲ್ಲ, ಬರೀ 'ಸುನೋ', ಕೇಳಿಲ್ಲಿ ಅಂತ. ಅವನ ಅಪ್ಪ ಬುರಾನುದ್ದೀನ ಕೂಡ ಹೆಂಡತಿಯನ್ನು ಜನ್ಮವಿಡೀ ಹಾಗೇ ಕರೆದವರು. ವಯಸ್ಸಾಗುತ್ತ ಮಗನೂ ಅಪ್ಪನ ದಾರಿ ಹಿಡಿದ ಎಂದುಕೊಂಡು ಒಳಗೊಳಗೇ ಖುಷಿಪಟ್ಟಿದ್ದಳು.

"ಈಗ ಆ ಐದು ಶಬ್ದ ಹೇಳಿ."

ತಬಸ್ಸುಮ ಒಂದೊಂದನ್ನೇ ಎತ್ತಿ ಹಿಡಿದಳು. "ಬೀಗ... ನಿಂಬೆಹಣ್ಣು... ಕತ್ತರಿ... ಬಾಚಣಿಗಿ..." ಐದನೆಯದಕ್ಕೆ ಓಢಣಿಯನ್ನು ಎರಡೂ ಕೈಯಿಂದ ತಲೆಯ ಮೇಲೆ ಅಗಲಿಸಿದಳು. ಅರ್ಫಾತ ಕಣ್ಣು ಕಿರಿದು ಮಾಡಿ ನೋಡಿದ. ಕಡೆಗೂ "ಛತ್ರಿ" ಎಂದ.

ಡಾಕ್ಟರಮ್ಮ ಪರದೆಯ ಹತ್ತಿರಕ್ಕೆ ಬಾಗಿದರು. "ಪ್ರತಿ ಸಲ ಆ ಕಡೆ ನೋಡಿ ಉತ್ತರ ಹೇಳ್ತಿದ್ದೀರಿ ಅರ್ಫಾತ್. ಅಲ್ಲಿ ಯಾರಿದ್ದಾರೆ?"

ಕಳ್ಳನ ಮನಸ್ಸು ಹುಳ್ಳುಹುಳ್ಳಗೆ. ತಬಸ್ಸುಮ ಓಢಣಿ ಹಿಡಿದುಕೊಂಡೇ ಗೋಡೆಗೆ ಸರಿದಳು.

"ಯಾರಿಲ್ರಿ ಮೇಡಂ... ನಮ್ಮ ಮನ್ಯಾಕಿ ಇದ್ದಾಳ್ರಿ."

"ಗಾಬರಿ ಬೇಡ, ಅವರ ಜೊತೆ ಸ್ವಲ್ಪ ಮಾತಾಡ್ತೀನಿ. ಅವರ ಹೆಸರೇನು?"

ಅರ್ಫಾತ ಬಾಯಿ ತೆರೆದ. "ಹೆಸರ್ರಿ... ಹೆಸರು..." ಎಂದ. ನಾಚಿಕೊಂಡನೇನೋ ಎಂದುಕೊಂಡಳು ತಬಸ್ಸುಮ. ಅಷ್ಟರಲ್ಲಿ ಅವನ ಕಣ್ಣು ಟ್ರಂಕಿನ ಕಡೆ ಹೊರಳಿತು. ಬೀಗ ನೋಡಿದ, ನಿಂಬೆಹಣ್ಣು ನೋಡಿದ, ಕತ್ತರಿ, ಬಾಚಣಿಗೆ ನೋಡಿದ. ಆಮೇಲೆ ಅವಳನ್ನು ನೋಡಿದ.

ತಬಸ್ಸುಮ ಓಢಣಿ ಕೆಳಗಿಳಿಸಿ, ನಾನೇ ಎಂಬಂತೆ ಬರಿಗೈಯನ್ನು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

ಆ ಕೈಯಲ್ಲಿ ಯಾವ ಸಾಮಾನಿದೆಯೆಂದು ಅರ್ಫಾತ ಕತ್ತು ಚಾಚಿ ನೋಡುತ್ತಿದ್ದ.