ಕೊನೆಯ ಪ್ಯಾರಾ

ಕಂಪ್ಯೂಟರಿನ ಪರದೆಯ ಮೇಲೆ ಪ್ರಶ್ನೆ ಎದ್ದು ನಿಂತಿತ್ತು: ಈ ಕಾದಂಬರಿಯ ಎರಡು ಪ್ರತಿಗಳು ಹೊಂದುತ್ತಿಲ್ಲ, ಉಳಿಸಬೇಕಾದ್ದು ಕಂಪ್ಯೂಟರಿನದೋ, ಟ್ಯಾಬ್ಲೆಟ್ಟಿನದೋ? ಮಧ್ಯಾಹ್ನದೊಳಗೆ ಪ್ರಕಾಶಕರಿಗೆ ಕಳಿಸಬೇಕು. ಲೇಖಕಿ ಎರಡನ್ನೂ ಅಕ್ಕಪಕ್ಕ ತೆರೆದು ನೋಡಿದಳು. ಟ್ಯಾಬ್ಲೆಟ್ಟಿನದರಲ್ಲಿ ಕೊನೆಯ ಪ್ಯಾರಾ ಮಂಗಮಾಯ.

ಟ್ಯಾಬ್ಲೆಟ್ಟು ಇದ್ದದ್ದು ಕಿಟಕಿಯ ಬಳಿ, ಅತ್ತೆಯ ತೊಡೆಯ ಮೇಲೆ. ಅಕ್ಷರ ದೊಡ್ಡದು ಮಾಡಿಕೊಂಡು ಓದಲೆಂದು ಲೇಖಕಿಯೇ ಕೊಟ್ಟಿದ್ದಳು.

“ಅತ್ತೆ, ಕೊನೇ ಪ್ಯಾರಾಕ್ಕೆ ಕೈ ಹಾಕಿದ್ರಾ?”

“ಹಾಕ್ದೆ.” ಅತ್ತೆ ತಲೆಯೆತ್ತಲೂ ಇಲ್ಲ. “ಮೂವತ್ತು ವರ್ಷ ಪ್ರೆಸ್ಸಲ್ಲಿ ಪ್ರೂಫ್ ನೋಡ್ದೆ. ಕಾಗುಣಿತ ತಿದ್ದೋದು ಬಿಟ್ರೆ ಯಾರ ಬರವಣಿಗೇಲೂ ಒಂದು ಸಾಲು ಮುಟ್ಟಿದೋಳಲ್ಲ. ಇದು ನಮ್ಮನೇದು ಅಂತ ಧೈರ್ಯ ಮಾಡ್ದೆ. ನಿನ್ನ ನಾಯಕಿ ಬಾಗಿಲು ತೆಗೆದಾಗ್ಲೇ ಕಥೆ ಮುಗೀತಲ್ಲಮ್ಮ. ಆಮೇಲೆ ಅಷ್ಟುದ್ದ ಅಳೋದ್ಯಾಕೆ?”

ಲೇಖಕಿಗೆ ಮೈಯೆಲ್ಲ ಉರಿಯಿತು. ಆ ಅಳುವಿಗಾಗಿ ಅವಳು ಹನ್ನೊಂದು ದಿನ ತಿಣುಕಿದ್ದಳು. ಸಿಟ್ಟಿನಲ್ಲೇ ಟ್ಯಾಬ್ಲೆಟ್ಟಿನ ಪ್ರತಿ ಓದತೊಡಗಿದಳು. ನಾಯಕಿ ಚಿಲಕ ಸರಿಸಿ ಬಾಗಿಲು ತೆಗೆದಳು. ಪುಟ ಅಲ್ಲಿಗೇ ಮುಗಿಯಿತು. ಪುಟದಲ್ಲಿಲ್ಲದ ಆ ಅಳು ಲೇಖಕಿಗೇ ಬಂತು. ಅವಳು ‘ಟ್ಯಾಬ್ಲೆಟ್ಟಿನದು’ ಎಂಬುದನ್ನು ಒತ್ತಿದಳು.

“ಪ್ರಕಾಶಕರು ಇನ್ನೊಂದು ವಾರ ಕಾಯ್ಲಿ, ಅತ್ತೆ. ನೀವು ಮೊದಲನೇ ಅಧ್ಯಾಯದಿಂದ ಶುರು ಮಾಡಿ.”